‘ಬರ್ತೇನೆ’ ಅಂದವಳು ಬರಲೇ ಇಲ್ಲ

ಶಾಲೆ ಬಿಟ್ಟು ಅರ್ಧ ಗಂಟೆ ಆಗಿತ್ತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬ್ಯಾಗ್ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದಳು. ಜರ್ಮನಿಯಿಂದ ಬಂದು ಮೂರು ವಾರವಾಗಿತ್ತಷ್ಟೆ. ಯಾಕೆ ನಿಂತಿದ್ದೀ ಎಂದು ಕೇಳಿದೆ. ಗೆಳತಿ ‘ಐ ವಿಲ್ ಕಮ್’ ಅಂದು ಹೋಗಿದ್ದಾಳೆ, ಕಾಯುತ್ತಿದ್ದೇನೆ ಅಂದಳು. ಗೆಳತಿ ಆಗಲೇ ಬಸ್ಸು ಹತ್ತಿ ಸುರತ್ಕಲ್ ತಲುಪಿರಬೇಕು.

ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ಹೊರಡುವವರು ‘ಹೋಗ್ತೇನೆ’ ಅನ್ನಬಾರದು, ‘ಬರ್ತೇನೆ’ ಅನ್ನಬೇಕು. ತುಳುವಿನಲ್ಲೂ ‘ಪೋಪೆ’ ಅನ್ನದೆ ‘ಬರ್ಪೆ’ ಅನ್ನುತ್ತಾರೆ. ಕೊಂಕಣಿಯಲ್ಲಿ ‘ಯೆತಾಂ’. ಗೆಳತಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದಳು. ಮರುದಿನ ಒಬ್ಬಳಿಗೆ ಸಿಟ್ಟು. ಇನ್ನೊಬ್ಬಳಿಗೆ ತಾನು ಏನು ತಪ್ಪು ಮಾಡಿದೆ ಎಂದೇ ತಿಳಿಯದೆ ಅಳು.

ಮಂಗಳೂರಿನಲ್ಲಿ ಅಂತಾರಾಷ್ಟ್ರೀಯ ಪಠ್ಯಕ್ರಮದ ಮಕ್ಕಳಿಗೆ ಆಪ್ತ ಸಮಾಲೋಚಕಿಯಾಗಿ ನಾನು ನೋಡುವ ಜಗಳಗಳಲ್ಲಿ ಇಂಥವೇ ಜಾಸ್ತಿ. ಇಬ್ಬರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಎಡವಟ್ಟಾಗುವುದು ಹೇಳದೇ ಬಿಟ್ಟ ಮಾತಿನಲ್ಲಿ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲೇ ಇದನ್ನು ವಿವರಿಸಿದ್ದರು. ಕೆಲವು ಕಡೆ ಅರ್ಥವೆಲ್ಲ ಮಾತಿನಲ್ಲೇ ಇರುತ್ತದೆ. ಇನ್ನು ಕೆಲವು ಕಡೆ ಮುಖದಲ್ಲಿ, ಸಂಬಂಧದಲ್ಲಿ, ಸಂದರ್ಭದಲ್ಲಿ ಇರುತ್ತದೆ. ಜರ್ಮನರನ್ನು ಅವರು ಮೊದಲ ಕಡೆಗೆ, ಜಪಾನೀಯರನ್ನು ಎರಡನೇ ಕಡೆಗೆ ಇಟ್ಟರು. ನಾವೂ ಎರಡನೇ ಕಡೆಯವರೇ. ‘ಒಮ್ಮೆ ಊಟಕ್ಕೆ ಬನ್ನಿ’ ಅಂದರೆ ಯಾವ ದಿನ ಅಂತ ಕೇಳುತ್ತೇವಾ? ‘ನೋಡುವ’ ಅಂದರೆ ಹೆಚ್ಚಿನ ಸಲ ‘ಇಲ್ಲ’ ಅಂತಲೇ ಅಲ್ವಾ?

ಆದರೆ ಇದನ್ನು ದೇಶಕ್ಕೊಂದು ಪಟ್ಟಿ ಮಾಡಿ ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ‘ಜರ್ಮನಿಯವರು ಹೀಗೆ, ಕೊರಿಯಾದವರು ಹಾಗೆ’ ಅಂತ ಬಾಯಿಪಾಠ ಮಾಡಿದ ಮಗು ಎದುರಿಗಿರುವ ಗೆಳೆಯನನ್ನು ನೋಡುವುದನ್ನೇ ಬಿಡುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸುತ್ತೇನೆ. ಕಂಡದ್ದು, ನನಗೆ ಅನಿಸಿದ್ದು, ಬೇರೆ ಏನಿರಬಹುದು. ‘ಅವಳು ಸುಳ್ಳು ಹೇಳಿದಳು’ ಎಂದು ಮೊದಲ ಕಾಲಂನಲ್ಲಿ ಬರೆದರೆ ಹೊಡೆದು ಹಾಕಿಸುತ್ತೇನೆ. ‘ಬರುತ್ತೇನೆ ಅಂದಳು, ಬರಲಿಲ್ಲ’, ಇಷ್ಟೇ ಕಂಡದ್ದು. ಮೂರನೇ ಕಾಲಂ ಖಾಲಿ ಉಳಿದರೆ ಗೆಳತಿಯನ್ನೇ ಕೇಳಿ ತುಂಬಿಸಬೇಕು. ಹಾಗೆ ಕೇಳುವ ಧೈರ್ಯ ಬರಲು ಕೆಲವರಿಗೆ ಒಂದು ಟರ್ಮ್ ಪೂರ್ತಿ ಬೇಕು.

ನನಗೆ ಜಾಸ್ತಿ ಚಿಂತೆ ಗಲ್ಫಿನಿಂದ ವಾಪಸಾದ ನಮ್ಮದೇ ಮಕ್ಕಳದ್ದು. ದುಬೈಯಲ್ಲೋ ದೋಹಾದಲ್ಲೋ ಬೆಳೆದು 12 ವರ್ಷಕ್ಕೆ ಊರಿಗೆ ಬಂದವರು. ಜರ್ಮನಿಯ ಹುಡುಗಿ ತಪ್ಪಿದರೆ ಎಲ್ಲರೂ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಇವನು ತಪ್ಪಿದರೆ ‘ಬಂಟ್ವಾಳದವನಲ್ವಾ, ಇಷ್ಟೂ ಗೊತ್ತಿಲ್ವಾ?’ ಅನ್ನುತ್ತಾರೆ. ಮನೆಯಲ್ಲಿ ಅಜ್ಜಿಯ ತುಳು ಅರ್ಥವಾಗುತ್ತದೆ, ಒಂದೆರಡು ಶಬ್ದ ಬಿಟ್ಟರೆ ಉತ್ತರ ಕೊಡಲು ಬಾರದು. ಇಂಥವರಿಗೆ ‘ಮೂರನೇ ಸಂಸ್ಕೃತಿಯ ಮಕ್ಕಳು’ ಎಂಬ ಹೆಸರು ಹುಟ್ಟಿದ್ದು 1950ರ ದಶಕದಲ್ಲಿ. ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಿದ ಜಾನ್ ಮತ್ತು ರೂತ್ ಯೂಸೀಮ್ ದಂಪತಿ ಕೊಟ್ಟ ಹೆಸರು ಅದು.

ಹೊಸದಾಗಿ ಸೇರಿದವರಿಗೆ ಜೊತೆಗಾರರಾಗಿ ನಾನು ಇವರನ್ನೇ ಹಾಕುತ್ತೇನೆ. ಗೇಟಿನಲ್ಲಿ ಕಾದವಳಿಗೆ ‘ಬರ್ತೇನೆ’ಯನ್ನು ಬಿಡಿಸಿ ಹೇಳಿದವನೂ ಅಂಥವನೇ. ಅವನಿಗದು ಗೊತ್ತಾದದ್ದು ಅಜ್ಜಿಗೆ ‘ಪೋಪೆ’ ಅಂದು ಬೈಸಿಕೊಂಡ ಮೇಲೆ.