ಒಂದು ಬಿಳಿ ಬಾವುಟ, ಉರುಳಿದ ಸಿಂಹಾಸನ: ಪೋರ್ಚುಗಲ್ 1910

1910ರ ಅಕ್ಟೋಬರ್ 5ರ ಬೆಳಗ್ಗೆ ಲಿಸ್ಬನ್ ನಗರದಲ್ಲಿ ಜರ್ಮನಿಯ ರಾಜತಾಂತ್ರಿಕನೊಬ್ಬ ಬಿಳಿ ಬಾವುಟದೊಂದಿಗೆ ರಸ್ತೆಗಿಳಿದ. ಅವನಿಗೆ ಬೇಕಿದ್ದದ್ದು ಸ್ವಲ್ಪ ಹೊತ್ತಿನ ಕದನವಿರಾಮ, ಅಷ್ಟೇ. ರಾಜನ ಸೇನೆಗೂ ಗಣರಾಜ್ಯ ಬೇಕೆಂದ ಕ್ರಾಂತಿಕಾರಿಗಳಿಗೂ ನಡೆಯುತ್ತಿದ್ದ ಗುಂಡಿನ ಕಾಳಗದ ನಡುವೆ ಸಿಕ್ಕಿಕೊಂಡ ವಿದೇಶಿಯರನ್ನು ಹೊರಗೆ ಸಾಗಿಸಬೇಕಿತ್ತು. ನೋಡಿದ ಜನ ರಾಜನ ಸೇನೆ ಶರಣಾಯಿತು ಅಂದುಕೊಂಡು ಹೋ ಎಂದು ಬೀದಿಗೆ ನುಗ್ಗಿದರು. ಮೊದಲೇ ಮನಸ್ಸಿಲ್ಲದ ಮನಸ್ಸಿನಿಂದ ನಿಂತಿದ್ದ ಸೈನಿಕರು ಅವರ ಜೊತೆ ಸೇರಿಕೊಂಡರು. 9 ಗಂಟೆಯ ಹೊತ್ತಿಗೆ ನಗರಸಭೆಯ ಬಾಲ್ಕನಿಯಿಂದ ಗಣರಾಜ್ಯವಾದಿ ಮುಖಂಡ ಜೋಸೆ ರೆಲ್ವಾಸ್ ಗಣರಾಜ್ಯ ಘೋಷಿಸಿಯೂ ಆಯ್ತು.

ಏಳುನೂರು ವರ್ಷಕ್ಕೂ ಹಳೆಯ ಅರಸೊತ್ತಿಗೆ ಒಂದು ಬಾವುಟಕ್ಕೆ ಬೀಳುತ್ತಾ? ಇಲ್ಲ. ಅದು ಇಪ್ಪತ್ತು ವರ್ಷದಿಂದ ಒಳಗೊಳಗೇ ಟೊಳ್ಳಾಗುತ್ತಿತ್ತು.

ಶುರುವಾದದ್ದು 1890ರಲ್ಲಿ. ಆಫ್ರಿಕಾದಲ್ಲಿ ಅಂಗೋಲ ಮತ್ತು ಮೊಜಾಂಬಿಕ್ ನಡುವಿನ ನೆಲವೂ ತನ್ನದೇ ಎಂದು ಪೋರ್ಚುಗಲ್ ಹೇಳುತ್ತಿತ್ತು. ಅಲ್ಲಿಂದ ಪಡೆ ವಾಪಸ್ ಕರೆಸಿ ಎಂದು ಬ್ರಿಟನ್ ಗದರಿತು. ರಾಜ ಕಾರ್ಲೋಸ್ ತಲೆಬಾಗಿದ. ಆ ಸಿಟ್ಟಿನಲ್ಲಿ ಹುಟ್ಟಿದ ಹಾಡೇ ಮುಂದೆ ಗಣರಾಜ್ಯದ ರಾಷ್ಟ್ರಗೀತೆಯಾಯಿತು. 1891ರಲ್ಲಿ ಪೋರ್ಟೋ ನಗರದಲ್ಲಿ ಅರಸೊತ್ತಿಗೆಯ ವಿರುದ್ಧ ದಂಗೆ ಎದ್ದು ಅಡಗಿತು. ಮರುವರ್ಷ ಖಜಾನೆ ದಿವಾಳಿ. ಅದರ ಮೇಲೆ, ಅರಮನೆ ಸರ್ಕಾರಿ ದುಡ್ಡನ್ನು ಸದ್ದಿಲ್ಲದೆ ಮುಂಗಡ ಪಡೆಯುತ್ತಿದ್ದ ಸಂಗತಿ ಬಯಲಾಯಿತು. ಇಷ್ಟು ಸಾಲದು ಎಂಬಂತೆ 1907ರಲ್ಲಿ ಪ್ರಧಾನಿ ಜುವಾವ್ ಫ್ರಾಂಕೊ ಸಂಸತ್ತನ್ನೇ ಬದಿಗಿಟ್ಟು ಆಳತೊಡಗಿದ. ರಾಜ ಅವನ ಬೆನ್ನಿಗೆ ನಿಂತ. ನನ್ನ ಪ್ರಕಾರ ಅರಸೊತ್ತಿಗೆಯ ದೊಡ್ಡ ಎಡವಟ್ಟು ಇದೇ.

1908ರ ಫೆಬ್ರವರಿ 1. ಲಿಸ್ಬನ್‌ನ ನದಿದಂಡೆಯ ಚೌಕದಲ್ಲಿ ತೆರೆದ ಸಾರೋಟಿನಲ್ಲಿ ಹೊರಟಿದ್ದ ರಾಜ ಮತ್ತು ಹಿರಿಯ ಮಗನನ್ನು ಗುಂಡಿಕ್ಕಿ ಕೊಂದರು. ರಾಣಿ ಅಮೇಲಿಯಾ ಕೈಯಲ್ಲಿದ್ದ ಹೂಗುಚ್ಛದಿಂದಲೇ ಹಂತಕನಿಗೆ ಬಾರಿಸಿದಳು. ಕಿರಿಯ ಮಗ ಮ್ಯಾನುಯೆಲ್ 18ನೇ ವಯಸ್ಸಿಗೆ ರಾಜನಾದ. ಮೂರು ವರ್ಷ ತುಂಬುವ ಮೊದಲೇ ಆರು ಸರ್ಕಾರ ಬಂದವು.

ಹಾಗಂತ ಕ್ರಾಂತಿಕಾರಿಗಳೂ ಭಾರೀ ಸಜ್ಜಾಗಿರಲಿಲ್ಲ. ಅಕ್ಟೋಬರ್ 3ರಂದು ಅವರ ಮುಖಂಡ, ವೈದ್ಯ ಮಿಗೆಲ್ ಬೊಂಬಾರ್ಡಾನನ್ನು ಅವನದೇ ರೋಗಿಯೊಬ್ಬ ಗುಂಡಿಟ್ಟು ಕೊಂದ. ಆ ರಾತ್ರಿ ದಂಗೆ ಶುರುವಾಯಿತು. ಎಲ್ಲಾ ಮುಗಿಯಿತು ಅಂದುಕೊಂಡ ದಂಗೆಯ ಇನ್ನೊಬ್ಬ ಮುಖಂಡ ಅಡ್ಮಿರಲ್ ರೈಸ್ ತಾನೇ ಪ್ರಾಣ ಕಳೆದುಕೊಂಡ. ಸುದ್ದಿ ಕೇಳಿ ಲಿಸ್ಬನ್‌ನ ರೊಟುಂಡಾ ವೃತ್ತದಲ್ಲಿದ್ದ ದಂಗೆಕೋರ ಅಧಿಕಾರಿಗಳು ಜಾಗ ಖಾಲಿ ಮಾಡಿದರು. ಉಳಿದವನು ಮಷಾದೊ ಸಾಂಟೋಸ್. ಅವನೇನು ದೊಡ್ಡ ಸೇನಾನಿಯಲ್ಲ, ನೌಕಾಪಡೆಯಲ್ಲಿ ಲೆಕ್ಕ, ಸಾಮಾನು ನೋಡಿಕೊಳ್ಳುವ ಅಧಿಕಾರಿ. ಕೆಲವು ನೂರು ಸೈನಿಕರು ಮತ್ತು ಕಾರ್ಬೊನಾರಿಯಾ ಎಂಬ ಗುಪ್ತಸಂಘದ ಸಾಮಾನ್ಯ ಜನರನ್ನು ಕಟ್ಟಿಕೊಂಡು ಅಲ್ಲೇ ತಳವೂರಿದ. ಅತ್ತ ಯುದ್ಧನೌಕೆಗಳು ಅರಮನೆಗೆ ಗುಂಡು ಹಾರಿಸಿದವು. ರಾಜ ಮಾಫ್ರಾಗೆ ಓಡಿದ. ಮರುದಿನ ಎರಿಸೈರಾದ ಕಡಲತೀರದಲ್ಲಿ ಮೀನುಗಾರರ ದೋಣಿ ಹತ್ತಿ, ಅಲ್ಲಿಂದ ರಾಜಮನೆತನದ ಹಡಗಿನಲ್ಲಿ ಜಿಬ್ರಾಲ್ಟರ್ ಸೇರಿದ.

ಜನಕ್ರಾಂತಿ ಅಂದರೂ ಇದು ಜಾಸ್ತಿ ಲಿಸ್ಬನ್ನಿನದೇ. ಹೊಸ ಸರ್ಕಾರಕ್ಕೂ ಹಳ್ಳಿಗರ ಮೇಲೆ ನಂಬಿಕೆ ಇರಲಿಲ್ಲ. 1913ರಲ್ಲಿ ಅದು ಮತದ ಹಕ್ಕನ್ನು ಓದುಬರಹ ಬಲ್ಲ ಗಂಡಸರಿಗಷ್ಟೇ ಉಳಿಸಿತು. 1926ರಲ್ಲಿ ಸೇನೆ ಆ ಗಣರಾಜ್ಯವನ್ನೂ ಉರುಳಿಸಿತು.

ನಮ್ಮ ಪಕ್ಕದ ಗೋವಾದಲ್ಲಿ ಮಾತ್ರ ಪರಿಣಾಮ ಬೇರೆ. ಗಣರಾಜ್ಯ ಬಂದ ಮೇಲೆ ಅಲ್ಲಿನ ಹಿಂದೂಗಳಿಗೆ ಕಾನೂನಿನ ಎದುರು ಸಮಾನ ಸ್ಥಾನ ಸಿಕ್ಕಿತು. ಲಿಸ್ಬನ್ 1910ರ ನವೆಂಬರ್‌ನಲ್ಲಿ ತಂದ ವಿಚ್ಛೇದನ ಕಾನೂನು ಅಲ್ಲಿಗೂ ಬಂತು. 1961ರಲ್ಲಿ ಪೋರ್ಚುಗೀಸರು ಹೋದ ಮೇಲೂ ಅದು ಗೋವಾದಲ್ಲೇ ಉಳಿಯಿತು.