2,000 ಕೋಟಿ ಎಲೆಕ್ಟ್ರಾನ್‌ಗಳ ಲೆಕ್ಕ ಲ್ಯಾಪ್‌ಟಾಪ್‌ನಲ್ಲಿ ಆಗುತ್ತದೆಯೇ?

ಪ್ರಶ್ನೆ: ಐಎಲ್‌ಸಿಯಂಥ (ಇಂಟರ್‌ನ್ಯಾಷನಲ್ ಲೀನಿಯರ್ ಕೊಲೈಡರ್, ಎಲೆಕ್ಟ್ರಾನ್-ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸುವ ಪ್ರಸ್ತಾವಿತ ಯಂತ್ರ) ರೇಖೀಯ ಕೊಲೈಡರ್‌ನ ಒಂದು ಬಂಚ್‌ನಲ್ಲಿ (ಕಣಗಳ ಗೊಂಚಲಿನಲ್ಲಿ) 2,000 ಕೋಟಿ ಕಣಗಳಿರುತ್ತವಂತೆ. ಎರಡು ಬಂಚ್‌ಗಳ ಡಿಕ್ಕಿಯನ್ನು ಲ್ಯಾಪ್‌ಟಾಪ್‌ನಲ್ಲಿ ಸಿಮ್ಯುಲೇಟ್ ಮಾಡಿದರೆ ಉತ್ತರವನ್ನು ನಂಬಬಹುದೇ?
(ಎಂ.ಎಸ್ಸಿ. ವಿದ್ಯಾರ್ಥಿನಿ, ಜ್ಞಾನಭಾರತಿ, ಬೆಂಗಳೂರು)

ಉತ್ತರ: ನಂಬಬಹುದು. ಆದರೆ ಮೊದಲ ಸಲ ಬಂದ ಅಂಕಿಯನ್ನಲ್ಲ.

ಐಎಲ್‌ಸಿಯ 500 ಜಿಇವಿ ವಿನ್ಯಾಸದಲ್ಲಿ (ಎದುರುಬದುರಿನ ಒಂದೊಂದು ಕಣಕ್ಕೆ 250 ಜಿಇವಿ ಶಕ್ತಿ) ಬಂಚ್‌ನ ಸಿಗ್ಮಾ, ಅಂದರೆ ಕಣಗಳ ಹರವಿನ ಅಳತೆ, ಅಡ್ಡಕ್ಕೆ 474 ನ್ಯಾನೋಮೀಟರ್, ಎತ್ತರಕ್ಕೆ 5.9 ನ್ಯಾನೋಮೀಟರ್, ಉದ್ದಕ್ಕೆ 300 ಮೈಕ್ರೋಮೀಟರ್. ಇಷ್ಟನ್ನೇ ಹಿಡಿದು ಪಠ್ಯಪುಸ್ತಕದ ಸೂತ್ರದಲ್ಲಿ ಲೆಕ್ಕ ಹಾಕಿದರೆ ನಿಜವಾದ ಲ್ಯುಮಿನಾಸಿಟಿಯ (ಡಿಕ್ಕಿಗಳು ಎಷ್ಟು ಹೆಚ್ಚಾಗಿ ನಡೆಯಬಹುದೆಂಬ ಅಳತೆ) ಅರ್ಧದಷ್ಟೂ ಸಿಗುವುದಿಲ್ಲ. ಎಲೆಕ್ಟ್ರಾನ್ ಬಂಚ್, ಪಾಸಿಟ್ರಾನ್ ಬಂಚ್ ಹಾದುಹೋಗುವಾಗ ಒಂದನ್ನೊಂದು ಸೆಳೆದು ಹಿಂಡುತ್ತವೆ. ಆಕಾರ ಬದಲಾದಂತೆ ಬಲವೂ ಬದಲಾಗುತ್ತದೆ. ಸಿಮ್ಯುಲೇಶನ್ ಬೇಕಾಗುವುದು ಇದಕ್ಕೇ.

ಗಿನಿ-ಪಿಗ್, ಕೇನ್ ಎಂಬ ಪ್ರೋಗ್ರಾಂಗಳು ಪ್ರತಿ ಎಲೆಕ್ಟ್ರಾನನ್ನೂ ಎಣಿಸುವುದಿಲ್ಲ. 1 ಲಕ್ಷ ಮ್ಯಾಕ್ರೋಕಣ ಕೊಟ್ಟರೆ ಒಂದೊಂದೂ 2 ಲಕ್ಷ ಎಲೆಕ್ಟ್ರಾನ್‌ಗಳ ಪರವಾಗಿ ನಿಲ್ಲುತ್ತದೆ. ಬಂಚನ್ನು ಉದ್ದಕ್ಕೆ ಹೋಳು ಮಾಡಿ, ಎದುರಾದ ಎರಡು ಹೋಳುಗಳ ವಿದ್ಯುದಂಶವನ್ನು ಗ್ರಿಡ್‌ಗೆ ಹಂಚಿ, ಅದರಿಂದ ಕ್ಷೇತ್ರವನ್ನು ತಿಳಿಸುವ ಪಾಯ್ಸನ್ ಸಮೀಕರಣ ಬಿಡಿಸಿ, ಕಣಗಳಿಗೆ ತಳ್ಳು ಕೊಟ್ಟು ಮುಂದಿನ ಜೋಡಿಗೆ ಹೋಗುತ್ತವೆ. 250 ಜಿಇವಿ ಎಲೆಕ್ಟ್ರಾನ್‌ನ ಗಾಮಾ (ಒಟ್ಟು ಶಕ್ತಿ ಅದರ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಎಂಬ ಸಂಖ್ಯೆ) ಸುಮಾರು 4.9 ಲಕ್ಷ. ಅದರ ಕ್ಷೇತ್ರ ಚಪಾತಿಯಂತೆ ಚಪ್ಪಟೆಯಾಗಿರುವುದರಿಂದ ಎರಡೇ ಆಯಾಮದಲ್ಲಿ ಲೆಕ್ಕ ಹಾಕಿದರೆ ಸಾಕು. ಲ್ಯಾಪ್‌ಟಾಪ್‌ಗೆ ಇದು ನಿಲುಕುವುದು ಈ ಕಾರಣಕ್ಕೆ.

ಮೊದಲು ಯೂನಿಟ್ ನೋಡಿಕೊಳ್ಳಿ. ಗಿನಿ-ಪಿಗ್‌ನಲ್ಲಿ ಬೀಟಾ (ಡಿಕ್ಕಿಯ ಜಾಗದಲ್ಲಿ ಬಂಚ್ ಎಷ್ಟು ಬಿಗಿಯಾಗಿ ಕೇಂದ್ರೀಕೃತ ಎಂಬ ಅಳತೆ) ಮಿಲಿಮೀಟರ್‌ನಲ್ಲಿ, ಬಂಚ್‌ನ ಉದ್ದ ಮೈಕ್ರೋಮೀಟರ್‌ನಲ್ಲಿ, ಎಮಿಟೆನ್ಸ್ (ಕಣಗಳ ಸ್ಥಾನ ಮತ್ತು ದಿಕ್ಕಿನ ಹರವಿನ ಅಳತೆ) ಮಿಲಿಮೀಟರ್-ಮಿಲಿರೇಡಿಯನ್‌ನಲ್ಲಿ. ಲಂಬ ಎಮಿಟೆನ್ಸ್ 35 ನ್ಯಾನೋಮೀಟರ್ ಎಂದರೆ 0.035 ಎಂದು ಬರೆಯಬೇಕು. 35 ಎಂದು ಬರೆದರೆ ಬಂಚ್‌ನ ಎತ್ತರ ಸುಮಾರು 32 ಪಟ್ಟು ಹಿಗ್ಗುತ್ತದೆ, ಪ್ರೋಗ್ರಾಂ ತಕರಾರಿಲ್ಲದೆ ಓಡುತ್ತದೆ. ಬೀಟಾವನ್ನು (ಇಲ್ಲಿ 0.48 ಮಿಲಿಮೀಟರ್) ಎಮಿಟೆನ್ಸ್‌ನಿಂದ ಗುಣಿಸಿ, ಗಾಮಾದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ, 5.9 ನ್ಯಾನೋಮೀಟರ್ ಬರಲೇಬೇಕು.

ಆಮೇಲೆ ಗ್ರಿಡ್. ಮೇಲೆ ಕೆಳಗೆ 6 ಸಿಗ್ಮಾವರೆಗೆ 128 ಕೋಶಗಳಿದ್ದರೆ ಒಂದು ಕೋಶ ಸುಮಾರು 0.55 ನ್ಯಾನೋಮೀಟರ್; ಹಿಂಡಿದ ಬಂಚ್‌ಗೂ ಹೊಂದುತ್ತದೆ. ಅಡ್ಡಕ್ಕೆ 3 ಸಿಗ್ಮಾವರೆಗೆ 32 ಕೋಶ, ಉದ್ದಕ್ಕೆ 30 ಹೋಳು ಇಟ್ಟರೆ, 1 ಲಕ್ಷ ಮ್ಯಾಕ್ರೋಕಣಗಳಲ್ಲಿ ಕೋಶಕ್ಕೆ ಕೆಲವೇ ಬೀಳುತ್ತವೆ. ಹಲವರು ಎಡವುವುದು ಇಲ್ಲಿ: ನಿಖರತೆ ಬೇಕೆಂದು ಗ್ರಿಡ್ ಮಾತ್ರ ಎರಡೂ ಕಡೆ ಇಮ್ಮಡಿಸಿದರೆ ಹಲವು ಕೋಶಗಳಲ್ಲಿ ಒಂದು ಕಣವೂ ಉಳಿಯುವುದಿಲ್ಲ. ಆಗ ಬರೀ ಗದ್ದಲವೇ ಬಂಚನ್ನು ಅಲುಗಾಡಿಸುತ್ತದೆ. ಕಣಗಳನ್ನೂ ಜೊತೆಗೇ ಹೆಚ್ಚಿಸಿ. ಹೋಳುಗಳು ಕಡಿಮೆಯಾದರೂ ಕಷ್ಟವೇ: ಇಲ್ಲಿ ಲಂಬ ಡಿಸ್ರಪ್ಷನ್ (ಎದುರಿನ ಬಂಚ್ ಕಣಗಳನ್ನು ಎಷ್ಟು ಬಲವಾಗಿ ಬಾಗಿಸುತ್ತದೆಂಬ ಅಳತೆ) 24ರ ಮೇಲಿದೆ, ಕಣಗಳು ಹಾದುಹೋಗುವಷ್ಟರಲ್ಲೇ ಮೇಲೆ ಕೆಳಗೆ ತೂಗಾಡುತ್ತವೆ, 10 ಹೋಳುಗಳಲ್ಲಿ ಆ ತೂಗಾಟ ಸರಿಯಾಗಿ ಮೂಡುವುದಿಲ್ಲ. ಬಂಚ್‌ಗಳನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ ನೋಡುವುದಾದರೆ ಗ್ರಿಡ್‌ನ ಅಂಚನ್ನೂ ಹಿಗ್ಗಿಸಿ, ಇಲ್ಲದಿದ್ದರೆ ಕಣಗಳು ಹೊರಗೆ ಬಿದ್ದು ಲೆಕ್ಕ ತಪ್ಪುತ್ತದೆ.

ಫೋಟಾನ್ ಆಯ್ಕೆಯನ್ನು ಆಫ್ ಮಾಡಬೇಡಿ. ಎದುರಿನ ಬಂಚ್‌ನ ಕ್ಷೇತ್ರದಲ್ಲಿ ಬಾಗುವ ಕಣಗಳು ಬೀಮ್‌ಸ್ಟ್ರಾಲುಂಗ್ ಎಂಬ ವಿಕಿರಣದ ಫೋಟಾನ್‌ಗಳನ್ನು ಸೂಸಿ ಈ ವಿನ್ಯಾಸದಲ್ಲಿ ಸರಾಸರಿ ಶೇ. 4.5ರಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಆ ಫೋಟಾನ್‌ಗಳೇ ಪರಸ್ಪರ ಡಿಕ್ಕಿಯಾಗಿ ಹೇಡ್ರಾನ್ (ಕ್ವಾರ್ಕ್‌ಗಳಿಂದಾದ ಕಣ) ಹಿನ್ನೆಲೆಯನ್ನು ಹುಟ್ಟಿಸಬಲ್ಲವೆಂದು 1991ರಲ್ಲಿ ಭೌತವಿಜ್ಞಾನಿ ಮಾನುವೆಲ್ ಡ್ರೀಸ್ ಅವರ ಜೊತೆ ತೋರಿಸಿದವರು ರೋಹಿಣಿ ಗೋಡ್ಬೋಲೆ, ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ವಿಜ್ಞಾನಿ.

ಕೊನೆಗೆ ಕಣ, ಹೋಳು, ಗ್ರಿಡ್ ಹೆಚ್ಚಿಸಿ, ಬೇರೆ ಬೇರೆ ರ್‍ಯಾಂಡಮ್ ಸೀಡ್‌ಗಳಲ್ಲಿ (ಯಾದೃಚ್ಛಿಕ ಅಂಕಿಗಳ ಆರಂಭಿಕ ಸಂಖ್ಯೆ) ಮತ್ತೆ ಓಡಿಸಿ. ಒಟ್ಟು ಲ್ಯುಮಿನಾಸಿಟಿ ಮತ್ತು ಪೂರ್ಣಶಕ್ತಿಯ ಶೇ. 99ಕ್ಕಿಂತ ಮೇಲೆ ನಡೆದ ಡಿಕ್ಕಿಗಳ ಪಾಲು, ಇವೆರಡನ್ನೂ ಬೇರೆ ಬೇರೆ ಗುರುತು ಹಾಕಿಕೊಳ್ಳಿ. ಸೆಟ್ಟಿಂಗ್ ಬದಲಿಸಿದಾಗ ಆಗುವ ವ್ಯತ್ಯಾಸ ಸೀಡ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚಿಲ್ಲದಿದ್ದರೆ ಆ ಅಂಕಿಯನ್ನು ಪ್ರಾಜೆಕ್ಟ್ ವರದಿಯಲ್ಲಿ ಧೈರ್ಯವಾಗಿ ಬರೆಯಿರಿ.