ಅಮೆರಿಕದಿಂದ ತಂದ ರೌಟರ್ ಬಾಗಲಕೋಟೆಯಲ್ಲಿ ನಡೆಯುತ್ತಾ?

ಪ್ರಶ್ನೆ: ನನ್ನ ತಮ್ಮ ಟೆಕ್ಸಾಸ್‌ನಲ್ಲಿದ್ದಾನೆ. ದೀಪಾವಳಿಗೆ ಬರುವಾಗ ಒಳ್ಳೆಯ ವೈಫೈ ರೌಟರ್ ತರುತ್ತೇನೆ ಅಂತಿದ್ದಾನೆ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ, ಕೇಬಲ್‌ನವರ ಫೈಬರ್ ಇದೆ. ಅಲ್ಲಿಯ ರೌಟರ್ ಇಲ್ಲಿ ನಡೆಯುತ್ತಾ?

ಉತ್ತರ: ಬಹುತೇಕ ನಡೆಯುತ್ತದೆ. ಆದರೆ ದುಡ್ಡು ಕೊಡುವ ಮುಂಚೆ ತಮ್ಮ ನಿಮಗೆ ಎರಡು ಫೋಟೊ ಕಳಿಸಲಿ. ಒಂದು ಅಡಾಪ್ಟರ್ ಮೇಲಿನ ಸಣ್ಣ ಅಕ್ಷರಗಳದ್ದು, ಇನ್ನೊಂದು ರೌಟರ್ ಬೆನ್ನಿನದು. ಡಬ್ಬಿಯ ಫೋಟೊ ಬೇಡ. ಡಬ್ಬಿ ಮೇಲೆ ಎಲ್ಲ ರೌಟರೂ ಚೆಂದವೇ.

ಮೊದಲು ಅಡಾಪ್ಟರ್. ಅಲ್ಲಿ ಮನೆಯ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ‘ಇನ್‌ಪುಟ್’ ಅಂತ ಇರುವ ಸಾಲಿನಲ್ಲಿ 100–240 ಎಂದಿದ್ದರೆ ಚಿಂತೆ ಇಲ್ಲ. ಅದರ ಎರಡು ಚಪ್ಪಟೆ ಪಿನ್ನಿಗೆ ಒಂದು ಕನ್ವರ್ಟರ್ ಸಿಕ್ಕಿಸಿದರೆ ಆಯ್ತು. ಬರೀ 120 ಅಂತ ಇದ್ದರೆ ಹುಷಾರು. ಕನ್ವರ್ಟರ್ ಬದಲಿಸುವುದು ಪಿನ್ನನ್ನು ಮಾತ್ರ, ವೋಲ್ಟೇಜನ್ನಲ್ಲ. ಇದು ನನಗೆ ತಿಳಿದದ್ದು ಮೂಗಿನಿಂದ. ನಮ್ಮ ಭಾವ ತಂದಿದ್ದ ರೌಟರನ್ನು ಹಾಗೇ ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತಿದೆ. ‘ಟಪ್’ ಅಂತು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಅಡಾಪ್ಟರ್ ಪಕ್ಕದಲ್ಲಿ ಕಂದು ಗುಳ್ಳೆ ಎದ್ದಿತ್ತು. ಪುಣ್ಯಕ್ಕೆ ರೌಟರ್ ಉಳಿದಿತ್ತು. ರಿಪೇರಿ ಅಂಗಡಿಯಲ್ಲಿ ರೌಟರಿಗೆ ಅದೇ 12 ವೋಲ್ಟ್ ಕೊಡುವ ಇಲ್ಲಿಯ ಅಡಾಪ್ಟರ್ ಕೊಟ್ಟರು, ಇವತ್ತಿಗೂ ನಡೆಯುತ್ತಿದೆ.

ಎರಡನೇ ಫೋಟೊದಲ್ಲಿ ನೋಡಬೇಕಾದದ್ದು ತೂತುಗಳು. ನಿಮಗೆ ಬೇಕಾದದ್ದು ‘ವ್ಯಾನ್’ ಅಥವಾ ‘ಇಂಟರ್ನೆಟ್’ ಅಂತ ಬರೆದಿರುವ, ಲ್ಯಾನ್ ವೈರ್ ಕೂರುವ ಚೌಕ ತೂತು. ಅದರ ಬದಲು ಡಿಶ್ ಟಿವಿ ವೈರಿನ ಹಾಗೆ ತಿರುಪಿ ಕೂರಿಸುವ ದುಂಡು ಮೂತಿ ಕಂಡರೆ ಬೇಡ ಅಂತ ಹೇಳಿಬಿಡಿ. ಅಮೆರಿಕದಲ್ಲಿ ಎಷ್ಟೋ ಮನೆಗಳಿಗೆ ಇಂಟರ್ನೆಟ್ ಬರುವುದು ಟಿವಿ ಕೇಬಲ್‌ನಲ್ಲೇ. ಅದು ಆ ಕೇಬಲ್ಲಿನ ಮೋಡೆಮ್, ನಿಮ್ಮ ಫೈಬರ್‌ಗೆ ಉಪಯೋಗಕ್ಕೆ ಬಾರದು. ಸಿಮ್ ಹಾಕುವ ರೌಟರ್ ಅಂತೂ ಬೇಡವೇ ಬೇಡ. ಅಲ್ಲಿಯ ಮೊಬೈಲ್ ಬ್ಯಾಂಡ್‌ಗಳು, ಅಂದರೆ ಸಿಗ್ನಲ್ ಹೋಗುವ ಅಲೆಗಳ ಪಟ್ಟಿಗಳು, ಹೆಚ್ಚಾಗಿ ಬೇರೆ, ಜೊತೆಗೆ ಒಂದೇ ಕಂಪನಿಗೆ ಲಾಕ್ ಆಗಿರುವುದೂ ಉಂಟು.

ಒಂದು ಮಾತು ಜನ ಮರೆಯುತ್ತಾರೆ. ಹೊಸ ರೌಟರ್ ಬಂತು ಅಂತ ಕೇಬಲ್‌ನವರು ಫೈಬರ್ ಜೊತೆ ಕೊಟ್ಟ ಡಬ್ಬಿ ಕಿತ್ತುಹಾಕುವ ಹಾಗಿಲ್ಲ. ಹಸಿರು ಇಲ್ಲವೇ ನೀಲಿ ಮೂತಿಯ ಆ ತೆಳು ಫೈಬರ್ ದಾರ ಅದಕ್ಕೇ ಹೋಗಬೇಕು. ಅದರ ಲ್ಯಾನ್ ತೂತಿನಿಂದ ಒಂದು ವೈರ್ ಎಳೆದು ಹೊಸ ರೌಟರಿನ ವ್ಯಾನ್‌ಗೆ ಕೊಡಿ, ಹಳೇ ಡಬ್ಬಿಯ ವೈಫೈ ಆಫ್ ಮಾಡಿ. ಹೊಸದನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ನಲ್ಲಿಟ್ಟರೆ ಅದು ಬರೀ ವೈಫೈ ಹಂಚುತ್ತದೆ, ನೆಟ್ ಜೋಡಣೆ ಹಳೇ ಡಬ್ಬಿಯದ್ದೇ; ಯೂಸರ್ ನೇಮ್, ಪಾಸ್‌ವರ್ಡ್ ಕೇಳಿಕೊಂಡು ಕೇಬಲ್ ಹುಡುಗನ ಹಿಂದೆ ಓಡಾಡುವುದು ತಪ್ಪುತ್ತದೆ.

ಇನ್ನು ವೈಫೈ ಅಲೆಗಳ ಮಾತು. 2.4 ಗಿಗಾಹರ್ಟ್ಸ್‌ನಲ್ಲಿ ಅಲ್ಲಿಯ ರೌಟರ್ 11ನೇ ಚಾನೆಲ್‌ಗೇ ನಿಲ್ಲುತ್ತದೆ, ನಮ್ಮಲ್ಲಿ 13ರವರೆಗೆ ಇದೆ. ಅದರಿಂದ ನಿಮಗೇನೂ ನಷ್ಟ ಇಲ್ಲ. 5 ಗಿಗಾಹರ್ಟ್ಸ್ ಕೂಡ ಸರಿ, 2018ರಲ್ಲಿ ನಮ್ಮ ಸರ್ಕಾರ ಅದರ ಬಹುಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದೆ. ತಕರಾರು ಇರುವುದು 6 ಗಿಗಾಹರ್ಟ್ಸ್‌ದು. ಅಮೆರಿಕ 2020ರಲ್ಲೇ 5925ರಿಂದ 7125 ಮೆಗಾಹರ್ಟ್ಸ್‌ವರೆಗೆ ಪೂರ್ತಿ ಬಿಟ್ಟುಕೊಟ್ಟಿತು. ನಮ್ಮಲ್ಲಿ 2025ರ ಮೇ ತಿಂಗಳ ಕರಡು ನಿಯಮದಲ್ಲಿ ವೈಫೈಗೆ ಇಟ್ಟದ್ದು 6425ರವರೆಗೆ, ಅದೂ ಕಡಿಮೆ ಶಕ್ತಿಯ ಸಾಧನಗಳಿಗೆ. ಅಲ್ಲಿಯ ರೌಟರ್‌ಗೆ ಈ ಗಡಿ ಗೊತ್ತಿಲ್ಲ. ದೇಶ ಬದಲಿಸಲು ಸೆಟಿಂಗ್‌ನಲ್ಲಿ ಸಾಮಾನ್ಯವಾಗಿ ಅವಕಾಶವೂ ಇರುವುದಿಲ್ಲ. ಹಾಗಾಗಿ ಆ ಬ್ಯಾಂಡನ್ನೇ ಆಫ್ ಮಾಡಿಡಬೇಕಾಗುತ್ತದೆ. ಆಫ್ ಮಾಡಿಡುವ ಬ್ಯಾಂಡಿಗೆ ಡಾಲರ್ ಯಾಕೆ ಸುರಿಯಬೇಕು ಹೇಳಿ? ತಮ್ಮನಿಗೆ ಸಾದಾ ‘ವೈಫೈ 6’ ಸಾಕು ಅನ್ನಿ, ಹೆಸರಲ್ಲಿ 6 ಇದ್ದರೂ ಅದರಲ್ಲಿ 6 ಗಿಗಾಹರ್ಟ್ಸ್ ಇರುವುದಿಲ್ಲ.

ಅವನು ಬರುವುದು ತಡ ಅಂತ ಕೊರಿಯರ್ ಹಾಕಿಸಬೇಡಿ. ಸುಂಕ ಬೀಳುತ್ತದೆ. ವೈಫೈ ಸಾಮಾನಿಗೆ ಇಲ್ಲಿ ದೂರಸಂಪರ್ಕ ಇಲಾಖೆಯ ಇಟಿಎ ಅನುಮೋದನೆ ಬೇಕು, ಅದನ್ನು ಕೇಳಿ ಕಸ್ಟಮ್ಸ್‌ನವರು ನಿಲ್ಲಿಸಲೂಬಹುದು. ಅಲ್ಲಿಯ ವಾರಂಟಿಯನ್ನೂ ಇಲ್ಲಿ ನಂಬಿಕೊಳ್ಳಬೇಡಿ. ಮನೆಬಳಕೆಯ ರೌಟರ್‌ಗಳಿಗೆ ಸಾಮಾನ್ಯವಾಗಿ 40 ಡಿಗ್ರಿವರೆಗೆ ಅಂತ ಬರೆದಿರುತ್ತಾರೆ. ನಮ್ಮ ಏಪ್ರಿಲ್, ಮೇ ಬಿಸಿಲು ಅದನ್ನು ಓದಿಲ್ಲ. ಟಿವಿ ಹಿಂದೆ ತುರುಕದೆ ಗಾಳಿ ಆಡುವ ಕಡೆ ಇಡಿ.

ಹಾಂ, ಆ ಅಡಾಪ್ಟರ್ ಫೋಟೊ ಇನ್ನೂ ಅಳಿಸಬೇಡಿ. ಅದರಲ್ಲೇ ‘ಔಟ್‌ಪುಟ್’ ಅಂತ ಇನ್ನೊಂದು ಸಾಲಿದೆ. ಕರೆಂಟು ಹೋದಾಗ ಬೇಕು ಅಂತ ಅಂಗೈಯಗಲದ ರೌಟರ್ ಯುಪಿಎಸ್ ಇಟ್ಟುಕೊಂಡಿದ್ದೀರಾ? ಅವು ಹೆಚ್ಚಾಗಿ 12 ವೋಲ್ಟಿನವು. ಔಟ್‌ಪುಟ್ ಕೂಡ 12 ಇದ್ದು, ಕೇಳುವ ಆಂಪಿಯರ್ ಅಷ್ಟನ್ನು ಯುಪಿಎಸ್ ಕೊಟ್ಟರೆ ಅದೇ ಸಾಕು. 19 ವೋಲ್ಟ್ ಅಂತ ಇದ್ದರೆ ಆ ಯುಪಿಎಸ್ ಬಿಟ್ಟು, ಮನೆಯ ಇನ್ವರ್ಟರ್ ಲೈನ್ ಇರುವ ಪ್ಲಗ್ಗಿಗೇ ರೌಟರ್ ಹಾಕಿ.